ತಾಡಪಾಲು ಹೊದ್ದ ಏಸಿ

ಮಧ್ಯಾಹ್ನ ಕಂಪ್ಲಿಯಿಂದ ಬೀಗರಾಗಲಿದ್ದವರು ಮಗಳನ್ನು ನೋಡಲು ಬರುವವರಿದ್ದರು. ‘ನಮ್ಮ ಮನ್ಯಾಗ ಊಟಿ ಐತ್ರಿ’ ಎಂದು ಫೋನಿನಲ್ಲಿ ಕೊಚ್ಚಿಕೊಂಡಿದ್ದ ಸಂಡೂರಿನ ಅದಿರು ಲಾರಿಗಳ ಮಾಲೀಕ ತೋಟಪ್ಪ, ಹೊಸ ಏಸಿಯ ಕೆಳಗೇ ನಿಂತು ಬೆವರುತ್ತಿದ್ದ. ರಿಮೋಟಿಗೆ ಹೊಸ ಸೆಲ್ ಹಾಕಿದ, ಏಸಿಯೊಳಗಿನ ಜಾಲರಿ ತೊಳೆದ, ಕೊನೆಗೆ ಏಸಿಗೆ ವಿಭೂತಿಯನ್ನೂ ಹಚ್ಚಿದ. ಗಾಳಿ ತಣ್ಣಗಾಗಲಿಲ್ಲ.

“ಹೊರಗಿನ ಡಬ್ಬಿ ನೋಡೀರೇನ್ರಿ?” ಎಂದಳು ಹೆಂಡತಿ ಕೊಟ್ರಮ್ಮ.

“ಅದಕ್ಕೇನಾಗ್ತದ? ಕೆಂಪು ಧೂಳು ಹೊಗಬಾರ್ದಂತ ಲಾರಿ ತಾಡಪಾಲು ಹೊದಿಸಿ, ಹಗ್ಗ ಬಿಗದೀನಿ.”

“ಒಳಗಿನ ಬಿಸಿ ಅಲ್ಲಿಂದನ ಹೊರಗ ಹೋಗಬೇಕಲ್ರಿ. ನಿಮ್ಮ ಬಾಯಿ ಮೂಗು ಕಟ್ಟಿ ಗುಡ್ಡ ಹತ್ರಿ ಅಂದ್ರ ಹತ್ತೀರೇನು?”

ತೋಟಪ್ಪ ಓಡಿಹೋಗಿ ತಾಡಪಾಲು ಬಿಚ್ಚಿ ತಂದ. ಅಷ್ಟರಲ್ಲಿ ಬಾಗಿಲಲ್ಲಿ ಬೀಗರ ಜೀಪು ನಿಂತಿದ್ದರಿಂದ ಅದನ್ನು ಸೋಫಾದ ಹಿಂದೆ ತುರುಕಿದ.

ಮಗಳು ತಂದಿಟ್ಟ ಮಂಡಾಳ ಒಗ್ಗರಣೆಯ ತಟ್ಟೆ ಖಾಲಿಯಾಗುವ ಹೊತ್ತಿಗೆ ಕೋಣೆ ನಿಜಕ್ಕೂ ಊಟಿಯಾಯಿತು. ವರನ ಅಜ್ಜಿಯ ಹಲ್ಲುಗಳು ಕಟಕಟ ಎಂದವು.

“ಏನರ ಹೊದಿಯಾಕ ಕೊಡಪ್ಪ.”

ಗಡಿಬಿಡಿಯಲ್ಲಿ ತೋಟಪ್ಪ ಕೈಗೆ ಸಿಕ್ಕಿದ್ದನ್ನೇ ಹೊದಿಸಿಬಿಟ್ಟ. ತಾಡಪಾಲಿನಿಂದ ಮುಖ ಹೊರಗೆ ಹಾಕಿದ ಅಜ್ಜಿ ಹಣೆಯಿಂದ ಗಲ್ಲದವರೆಗೂ ಕೆಂಪಾಗಿದ್ದರು.

“ಹುಡುಗಿ ಭಾಳ ಪಸಂದ ಅದಾಳ,” ಎಂದರು. “ನಿನ್ನ ಊಟಿ ಮಾತ್ರ ಬಂದ್ ಮಾಡಪ್ಪ.”