ಕಾಲಡಿಯ ಒಂದು ಮೊಳ

ಎಡಗಾಲಿನ ಹೆಬ್ಬೆರಳಿಗೆ ಪ್ಲಾಸ್ಟರ್ ಪಟ್ಟಿ, ಹೊಸ ಶೂ ಕಚ್ಚಿರಬೇಕು, ಮೊದಲ ಸಲ ಬೆಟ್ಟ ಹತ್ತುವವರೆಲ್ಲ ಹೊಸ ಶೂ ಹಾಕಿಕೊಂಡೇ ಬರುತ್ತಾರೆ, ಬೇಡ ಅಂದರೆ ಕೇಳುವವರು ಯಾರು — ಕ್ಯಾಮೆರಾದ ಕಿಂಡಿಯಲ್ಲಿ ಮೊದಲು ಕಂಡದ್ದು ಆ ಪಟ್ಟಿ, ಆಮೇಲೆ ಅದರ ಒಡತಿ, ಹಳದಿ ಸ್ವೆಟರಿನ ಹೆಂಗಸು, ಬಂಡೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡುತ್ತಿದ್ದಾಳೆ, ಹಿಂದೆ ಕಣಿವೆ, ತಳದಲ್ಲಿ ದಾರದೆಳೆಯಷ್ಟು ನದಿ, ನೋಡಿದವರ ಎದೆ ಧಸಕ್ಕೆನ್ನಬೇಕು, ಅದಕ್ಕೇ ಅಲ್ಲವೇ ಜನ ಎರಡು ಗಂಟೆ ಏದುಸಿರು ಬಿಡುತ್ತ ಈ ನಾಲಿಗೆಬಂಡೆಗೆ ಬರುವುದು, ಬೆಟ್ಟದ ಬಾಯಿಂದ ಚಾಚಿಕೊಂಡ ಈ ಕಲ್ಲಿಗೆ ಜೋತುಬಿದ್ದು ಫೋಟೋ ತೆಗೆಸಿಕೊಂಡು ಕಂಡಕಂಡವರಿಗೆಲ್ಲ ತೋರಿಸುವುದಕ್ಕೆ. ತೋರಿಸದೆ ಇರುವುದು ಒಂದೇ, ಕಾಲಡಿಯ ಒಂದು ಮೊಳ. ಹೆಬ್ಬೆರಳಿಂದ ಸರಿಯಾಗಿ ಒಂದು ಮೊಳ ಕೆಳಗೆ ನೆಲ ಇದೆ, ನಾಲ್ಕು ಚಾಪೆ ಹಾಸುವಷ್ಟು ಅಗಲದ ಹುಲ್ಲುನೆಲ, ಮಗುವನ್ನು ಆಡಲು ಬಿಡಬಹುದು, ನಾನು ಎದುರಿನ ಕಲ್ಲಿನ ಮೇಲೆ ಬೋರಲು ಮಲಗಿ ಚಿತ್ರದ ಕೆಳ ಅಂಚನ್ನು ಬೆರಳ ತುದಿಗೇ ಕತ್ತರಿಸುತ್ತೇನೆ, ಅಷ್ಟೇ ನನ್ನ ವಿದ್ಯೆ, ಅಷ್ಟೇ ಈ ಬೆಟ್ಟದ ಗುಟ್ಟು, ಬಂದವರೆಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಆ ಒಂದು ಮೊಳದಲ್ಲಿ ಹನ್ನೊಂದು ವರ್ಷ ಇವಳು ಕೂತಿದ್ದಳು, ನನ್ನ ಹೆಂಡತಿ, ಚಿತ್ರದ ಅಂಚಿನ ಕೆಳಗೆ ತಲೆ ತಗ್ಗಿಸಿಕೊಂಡು, ಸುತ್ತ ಅವರಿವರ ಶೂಗಳನ್ನು ಜೋಡಿಸಿಟ್ಟುಕೊಂಡು, ಒಂದು ದಿನವೂ ಜೋಡಿ ಅದಲುಬದಲು ಆಗಿದ್ದಿಲ್ಲ — ಬರಿಗಾಲಲ್ಲಿ ನೇತಾಡಿಸಿ ರೀ, ಬರಿಗಾಲು ಕಂಡ್ರೆ ನೋಡೋರಿಗೆ ಭಯ ಜಾಸ್ತಿ ಆಗುತ್ತೆ, ಅದು ಅವಳದೇ ಉಪಾಯ. ನಾನು ಕ್ಲಿಕ್ಕಿಸಿದ ಮೇಲೆ ಇಲ್ಲಿಂದ ಕೂಗುತ್ತಿದ್ದೆ, ಕೈ ಬಿಡಿ, ಕೆಳಗೆ ನೆಲ ಇದೆ, ಅವಳು ಕೆಳಗಿನಿಂದ ಅವರ ಹಿಮ್ಮಡಿಗೆ ಅಂಗೈ ಕೊಟ್ಟು ಇಳಿಸುತ್ತಿದ್ದಳು. ಹತ್ತುವ ಮೊದಲು ನೆಲವನ್ನು ಕಣ್ಣಾರೆ ನೋಡಿರುತ್ತಾರೆ, ತುಳಿದೂ ಇರುತ್ತಾರೆ, ಆದರೂ ಜೋತುಬಿದ್ದ ಮರುಕ್ಷಣ ಮುಖ ಕಲ್ಲಿಗೆ, ಕಾಲಿಗೆ ಏನೂ ಸಿಗುವುದಿಲ್ಲ, ಕೈಗೆ ಎಲ್ಲ ಮರೆತುಹೋಗುತ್ತದೆ, ಎಂಥೆಂಥ ಗಟ್ಟಿಗರು, ಮೀಸೆ ಹೊತ್ತವರು, ನೆಲ ಇದೆ ತಾನೇ, ನಿಜವಾಗ್ಲೂ ಇದೆ ತಾನೇ ಅಂತ ಕೂಗಿಕೊಳ್ಳುತ್ತಾರೆ, ಆಗ ಇವಳ ಕೈ ತಗುಲಿದರೆ ಸಾಕು, ಅಳುತ್ತಿದ್ದವರು ನಗುತ್ತಾರೆ. ಇಳಿಯುವ ದಾರಿಯಲ್ಲಿ ನನಗೆ ವರದಿ — ಆ ಗಂಡಹೆಂಡ್ತಿ ಜಗಳ ಆಡ್ಕೊಂಡೇ ಬಂದಿದ್ದಾರೆ ರೀ, ಬೆರಳು ಮಡಚಿಟ್ಟಿದ್ದು ನೋಡಿದ್ರಾ, ಮುಖ ನೋಡಿ ಮೋಸ ಹೋಗಬಹುದು, ಕಾಲು ನೋಡಿ ಹೋಗೋಕಾಗಲ್ಲ. ಈ ಬೆಟ್ಟಕ್ಕೆ ಎಷ್ಟು ಕೊಬ್ಬು ನೋಡಿ ರೀ, ಇಷ್ಟು ಕಷ್ಟಪಟ್ಟು ಹತ್ತಿ ಬಂದವರಿಗೆ ನಾಲಿಗೆ ಚಾಚಿ ಅಣಕಿಸುತ್ತೆ. ಅವಳಿಗೆ ಎಲ್ಲದರಲ್ಲೂ ತಮಾಷೆ. ಮನೆ ಬದಲಿಸುವಾಗಲೂ, ತುಂಬಿದ ಬಸ್ಸಿಂದ ಕತ್ತಲಲ್ಲಿ ಇಳಿಯುವಾಗಲೂ, ನಾನು ಕಾರ್ಖಾನೆ ಕೆಲಸ ಬಿಟ್ಟು ಈ ಕ್ಯಾಮೆರಾ ಕೊರಳಿಗೆ ಕಟ್ಟಿಕೊಂಡ ದಿನವೂ ಒಂದೇ ಪ್ರಶ್ನೆ, ಕೆಳಗೆ ನೆಲ ಇದೆಯಾ ರೀ, ನಾನು ನಿಂತು ನೋಡಿ, ಯೋಚಿಸಿ, ಇದೆ ಕಣೇ ಅನ್ನುತ್ತಿದ್ದೆ, ನೋಡದೆ ಹೇಳುತ್ತಿರಲಿಲ್ಲ, ನನಗೆ ನೂರು ಕೆಟ್ಟ ಗುಣ ಇರಬಹುದು, ನೋಡದೆ ಇದೆ ಅಂದವನಲ್ಲ ನಾನು.

ಸಾರ್, ತೆಗೆದ್ರಾ, ಕೈ ನೋಯ್ತಿದೆ — ತೆಗೆದೆ ಅಮ್ಮಾ, ಇನ್ನೊಂದು — ಬಂಡೆಯ ಮೇಲೆ ಆ ಹೆಂಗಸಿನ ಗಂಡ ಮಂಡಿಯೂರಿ ಕೂತು ನಗುತ್ತಿದ್ದಾನೆ, ಸ್ವಲ್ಪ ಭಯಬಿದ್ದ ಹಾಗೆ ಮುಖ ಮಾಡೇ, ಅವಳು, ಮಾಡೋದೇನು, ಭಯಾನೇ ಆಗ್ತಿದೆ. ನನ್ನವಳು ಹೋಗಿ ಇವತ್ತಿಗೆ ನಲವತ್ತೊಂದು ದಿನ, ಇವತ್ತೇ ನಾನು ಮತ್ತೆ ಬೆಟ್ಟ ಹತ್ತಿದ್ದು, ಇವತ್ತಿನ ಮೊದಲ ಗಿರಾಕಿ ಈ ಹಳದಿ ಸ್ವೆಟರು, ಹುಲ್ಲಿನ ಮೇಲೆ ಅವಳ ಶೂ ಒಂದು ಅತ್ತ ಒಂದು ಇತ್ತ ಬಿದ್ದಿವೆ. ಪಕ್ಕದಲ್ಲಿ ಹುಲ್ಲು ಬೆಳೆಯದ ಒಂದು ಬೋಳು ಜಾಗ, ಇವಳು ಕೂತು ಕೂತು ಸವೆದದ್ದು, ಅದರ ಅಂಚಿನಲ್ಲಿ ಆಗಲೇ ಎಳೆಯ ಹಸಿರು, ನಲವತ್ತೊಂದು ದಿನಕ್ಕೇ, ಎಷ್ಟು ಅವಸರ ಇವಕ್ಕೆ. ಮೊನ್ನೆ ನಾದಿನಿ ಫೋನ್ ಮಾಡಿದ್ದಳು, ಭಾವ, ಅಕ್ಕಂದು ಒಂದು ಒಳ್ಳೆ ಫೋಟೋ ಕಳಿಸಿ, ದೊಡ್ಡದು ಮಾಡಿಸಿ ಇಟ್ಕೋತೀನಿ, ನಿಮ್ಮ ಹತ್ರ ಇಲ್ದೆ ಇನ್ಯಾರ ಹತ್ರ ಇರುತ್ತೆ. ಇಲ್ಲ ಕಣಮ್ಮ. ಹೇಗೆ ಹೇಳಲಿ, ಇಲ್ಲ. ಎರಡು ದಿನ ಕೂತು ಹುಡುಕಿದೆ, ಹನ್ನೊಂದು ವರ್ಷದ ಚಿತ್ರಗಳು, ಸಾವಿರಾರು ಜನ, ಸಾವಿರಾರು ಕಾಲು, ಪ್ರತಿಯೊಂದರಲ್ಲೂ ಅಂಚಿನಿಂದ ಒಂದು ಗೇಣು ಕೆಳಗೆ ಅವಳು ಇದ್ದಾಳೆ, ಒಂದರಲ್ಲೂ ಇಲ್ಲ. ಒಮ್ಮೊಮ್ಮೆ ಅವಸರದಲ್ಲಿ ಕೈ ಮೇಲೆತ್ತಿಬಿಡುತ್ತಿದ್ದಳು, ಅಂಚಿನಲ್ಲಿ ಅವಳ ನಾಲ್ಕು ಬೆರಳು ಮೂಡುತ್ತಿದ್ದವು, ನಾನು ಇಲ್ಲಿಂದ ರೇಗುತ್ತಿದ್ದೆ, ನಿನ್ನ ಬೆರಳು ಬಂತು, ಕೆಟ್ಟುಹೋಯ್ತು, ಮತ್ತೆ ತೆಗೀಬೇಕು, ಸ್ವಲ್ಪ ತಾಳ್ಮೆ ಇಲ್ವಾ ನಿನಗೆ, ಅಲ್ಲೇ ಅಳಿಸಿಹಾಕುತ್ತಿದ್ದೆ, ನೂರಾರು ಅಳಿಸಿದ್ದೇನೆ, ಈ ಹೆಬ್ಬೆರಳಿಂದಲೇ, ಕೆಟ್ಟ ಫೋಟೋ ಅಂತ. ಒಂದು, ಒಂದೇ ಒಂದು ಉಳಿಸಿಕೊಂಡಿದ್ದರೆ, ನಾಲ್ಕು ಬೆರಳಾದರೂ ಗೋಡೆಯ ಮೇಲೆ ಇರುತ್ತಿದ್ದವು. ನೀನೂ ಒಂದ್ಸಲ ಹತ್ತಿ ನೇತಾಡೇ, ತೆಗೀತೀನಿ ಅಂದರೆ, ನಾನು ಹತ್ತಿದ್ರೆ ನನ್ನ ಕಾಲು ಹಿಡಿಯೋರು ಯಾರು ರೀ, ಅಂತ ನಗು. ಹಿಡೀತೀನಿ ನಾನು ಅನ್ನಬೇಕಿತ್ತು. ಕ್ಯಾಮೆರಾ ಯಾರು ಹಿಡೀತಾರೆ ಅಂದೆ.

ಚಳಿಗಾಲದ ಕೊನೆಯಲ್ಲಿ ಹತ್ತುವ ದಾರಿಯಲ್ಲಿ ಎರಡು ಕಡೆ ಕೂರುತ್ತಿದ್ದವಳು ಐದು ಕಡೆ ಕೂರಲಾರಂಭಿಸಿದಳು, ನಾನು, ಏನು ಮಹಾರಾಣಿ, ಪಲ್ಲಕ್ಕಿ ತರಿಸಲಾ ಅಂದೆ, ಅದಕ್ಕೂ ನಕ್ಕಳು, ನಗುವುದಕ್ಕೆ ಉಸಿರು ಸಾಲದೆ ಅರ್ಧಕ್ಕೆ ನಿಲ್ಲಿಸಿದಳು, ಆಗಲಾದರೂ ನನಗೆ ತಿಳಿಯಬೇಕಿತ್ತು, ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ. ಶ್ವಾಸಕೋಶ ಅಂದರು, ತಡವಾಯಿತು ಅಂದರು. ಆಸ್ಪತ್ರೆಯ ಮೂರನೇ ಮಹಡಿ, ಮಧ್ಯಾಹ್ನ, ಕಿಟಕಿಯಾಚೆ ಯಾರೋ ಬೈಕು ತೊಳೆಯುತ್ತಿದ್ದ ಸದ್ದು, ಅವಳು ಮಂಚದ ಪಕ್ಕದ ಕಬ್ಬಿಣದ ಸರಳನ್ನು ಹಿಡಿದುಕೊಂಡಿದ್ದಳು, ಗೆಣ್ಣುಗಳು ಬೆಳ್ಳಗಾಗುವ ಹಾಗೆ, ನನಗೆ ಗೊತ್ತಿದ್ದ ಹಿಡಿತ ಅದು, ಹನ್ನೊಂದು ವರ್ಷ ದಿನಾ ಕಿಂಡಿಯಲ್ಲಿ ನೋಡಿದ್ದು. ನರ್ಸಮ್ಮ ಬಂದು, ಕೈ ಬಿಡಿಸಿ ಸಾರ್, ಸೂಜಿ ಹಾಕಬೇಕು, ನಾವು ಹೇಳಿದ್ರೆ ಬಿಡ್ತಿಲ್ಲ, ನಿಮ್ಮ ಮಾತು ಕೇಳ್ತಾರೆ. ನಾನು ಬಗ್ಗಿ, ಲೇ, ಕೈ ಬಿಡು ಅಂದೆ. ಅವಳು ಕಣ್ಣು ತೆರೆದಳು. ಬಾಯಿಯ ಮೇಲಿನ ಆ ಪ್ಲಾಸ್ಟಿಕ್ ಮುಚ್ಚಳದೊಳಗಿಂದ, ನೆಲ ಇದೆಯಾ ರೀ. ತಮಾಷೆಗೆ ಕೇಳಿದಳೋ, ನಿಜಕ್ಕೂ ಕೇಳಿದಳೋ, ಕಣ್ಣಲ್ಲಿ ಎರಡೂ ಇದ್ದವು. ಇದೆ ಕಣೇ ಅಂದೆ. ತಕ್ಷಣ ಅಂದೆ. ನಿಲ್ಲಲಿಲ್ಲ, ಯೋಚಿಸಲಿಲ್ಲ, ನೋಡುವುದಕ್ಕೆ ಅಲ್ಲಿ ಏನಿತ್ತು, ನೋಡದೆ ಹೇಳಿದೆ. ನಂಬಿದಳು. ಒಂದೊಂದೇ ಬೆರಳು ಸಡಿಲವಾಯಿತು, ಕಿರುಬೆರಳು ಕೊನೆಗೆ, ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ, ಮತ್ತೆ ಅವಳು ಸರಳನ್ನು ಹಿಡಿಯಲಿಲ್ಲ, ಸಂಜೆಯೊಳಗೆ ಮುಗಿದುಹೋಯಿತು. ಸೂಜಿಗೆ ಅಂತ ಬಿಡಿಸಿದ್ದು ನಾನು. ಇನ್ನೊಂದು ದಿನ ಹಿಡಿದುಕೊಂಡಿರುತ್ತಿದ್ದಳೇನೋ. ಡಾಕ್ಟರು, ಹಾಗೇನಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಅವರಿಗೇನು ಗೊತ್ತು, ಅವರು ನಾಲಿಗೆಬಂಡೆಗೆ ಬಂದವರಲ್ಲ.

ಸಾರ್, ಬಿಡ್ಲಾ, ಸಾರ್ — ಮೇಲಿಂದ ಗಂಡ, ಬಿಡೇ ಏನೂ ಆಗಲ್ಲ, ಅವಳು, ನೀವು ಸುಮ್ನಿರಿ, ಸಾರ್ ಹೇಳ್ಲಿ, ಸಾರ್, ಕೆಳಗೆ ನೆಲ ಇದೆ ತಾನೇ. ಇದೆ. ಕಣ್ಣೆದುರಿಗೇ ಇದೆ, ಹುಲ್ಲು, ಶೂ, ಬೋಳು ಜಾಗ, ಎಲ್ಲ ಕಾಣುತ್ತಿದೆ, ಮೂರು ಪದ ಅಷ್ಟೇ, ಬಾಯಿ ತೆರೆಯುತ್ತಿದ್ದೇನೆ, ಬರುತ್ತಿಲ್ಲ — ಸಾರ್, ಮಾತಾಡಿ ಸಾರ್ — ಈಗ ನಗು ಇಲ್ಲ ಅವಳ ದನಿಯಲ್ಲಿ, ಮೇಲಿದ್ದವನೂ ನಗು ನಿಲ್ಲಿಸಿದ್ದಾನೆ, ಪಟ್ಟಿ ಸುತ್ತಿದ ಹೆಬ್ಬೆರಳು ಕೆಳಗೆ ಚಾಚಿ ಚಾಚಿ ಗಾಳಿಯನ್ನು ತಡಕುತ್ತಿದೆ, ಅತ್ತ, ಇತ್ತ, ಇನ್ನೂ ಕೆಳಗೆ, ಕ್ಯಾಮೆರಾ ಕಲ್ಲಿನ ಮೇಲೆ ಬಿಟ್ಟು ಏಳುತ್ತೇನೆ, ಓಡುತ್ತೇನೆ, ನನ್ನ ಮಂಡಿ ಇವಳ ಬೋಳು ಜಾಗದ ಮೇಲೇ ಊರುತ್ತದೆ, ಎರಡೂ ಹಿಮ್ಮಡಿಗೆ ಅಂಗೈ ಕೊಟ್ಟೆ, ತಣ್ಣಗಿವೆ, ಅಬ್ಬಾ, ಸಿಕ್ತು, ಅಂದಳು ಆ ಹೆಂಗಸು, ಭಾರವನ್ನೆಲ್ಲ ನನ್ನ ಕೈಗೆ ಬಿಟ್ಟು ಇಳಿದಳು, ನಗುತ್ತಿದ್ದಾಳೆ, ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಥ್ಯಾಂಕ್ಸ್ ಸಾರ್, ಶೂ ಹಾಕಿಕೊಳ್ಳುತ್ತಿದ್ದಾಳೆ. ಇಷ್ಟೇ ಇತ್ತು. ಕೆಳಗೆ ಬಂದು ಅಂಗೈ ಕೊಡುವುದು, ಇಷ್ಟೇ. ಅವತ್ತು ನಾನು ಮಂಚದ ತಲೆಯ ಕಡೆ ನಿಂತಿದ್ದೆ, ಕೈ ಹಿಡಿದುಕೊಂಡು, ಇದೆ ಕಣೇ, ಇದೆ ಕಣೇ ಅನ್ನುತ್ತ, ಕಾಲ ಕಡೆ ಯಾರೂ ಇರಲಿಲ್ಲ, ನರ್ಸಮ್ಮನೂ ಇರಲಿಲ್ಲ, ಬಿಳಿ ಹೊದಿಕೆ ಅಲ್ಲಾಡುತ್ತಿತ್ತು, ಚಳಿಗೆ ಇರಬೇಕು ಅಂದುಕೊಂಡೆ, ಚಳಿಗಲ್ಲ, ಹೊದಿಕೆಯ ಕೆಳಗೆ ಅವಳ ಹೆಬ್ಬೆರಳು, ಕೆಳಗೆ ಚಾಚಿ, ಅತ್ತ, ಇತ್ತ, ಇನ್ನೂ ಕೆಳಗೆ, ಆ ಹೆಬ್ಬೆರಳು