ಎರಡನೇ ಪಂಪಿನ ಸದ್ದು

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎರಡನೇ ಪಂಪಿನ ಬೇರಿಂಗಿನ ಮೇಲೆ ಒತ್ತಿ, ಅದರ ಹಿಡಿಯನ್ನು ಎಡಗಿವಿಗೆ ಆನಿಸಿಕೊಂಡು ಮೇಲ್ವಿಚಾರಕರು ಕಣ್ಣು ಮುಚ್ಚಿದರು. ಆಸ್ಪತ್ರೆಯ ನೆಲಮಾಳಿಗೆಯ ಪಂಪ್ ಕೋಣೆಯಲ್ಲಿ ಇನ್ನಿಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು. ಒಬ್ಬಳು ಎರಡು ತಿಂಗಳ ಹಿಂದಷ್ಟೇ ಬಂದಿದ್ದ ಹೊಸ ಇಂಜಿನಿಯರ್. ಇನ್ನೊಬ್ಬ ಪಂಪ್ ಆಪರೇಟರ್, ಹೆಗಲ ಮೇಲೆ ಎಣ್ಣೆ ಒರೆಸುವ ಬಟ್ಟೆ.

"ಏನೂ ಇಲ್ಲ," ಎಂದು ಅವರು ಕಣ್ಣು ತೆರೆದರು. "ಬೆಣ್ಣೆ ಹಾಗೆ ತಿರುಗ್ತಿದೆ."

"ನನಗೇನೋ ಕೀಚ್ ಕೀಚ್ ಅಂತ ಕೇಳಿಸ್ತಲ್ಲ ಸರ್?"

"ಅದು ಕೋಣೆ ಸದ್ದು ಮೇಡಂ. ನೆಲಮಾಳಿಗೆ ನೋಡಿ, ಗೋಡೆಗೆ ಬಡಿದು ವಾಪಸ್ ಬರುತ್ತೆ. ಹೊಸಬರಿಗೆಲ್ಲ ಹಾಗೇ ಅನ್ಸೋದು. ಮೊದಲನೇ ಪಂಪು ಸೋರ್ತಿದೆ, ಮೊದಲು ಅದನ್ನ ಬಿಚ್ಚೋಣ. ಒಂದು ವಾರ ಇದೊಂದೇ ಎಳೆಯುತ್ತೆ. ನಾನು ಹೇಳ್ತೀನಲ್ಲ."

ಆಪರೇಟರ್ ಪಂಪಿನ ಕಡೆ ಇನ್ನೊಮ್ಮೆ ನೋಡಿ, ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡ. ಇಂಜಿನಿಯರ್ ಫೈಲು ಬಿಡಿಸಿ, ವರ್ಷದ ದುರಸ್ತಿ ಪಟ್ಟಿಯಲ್ಲಿ ತಾನು ಎರಡನೇ ಪಂಪಿನ ಮುಂದೆ ಬರೆದಿದ್ದ ತಾರೀಖನ್ನು ಹೊಡೆದು ಮೂರು ತಿಂಗಳು ಮುಂದಕ್ಕೆ ಹಾಕಿದಳು. ಅವರು ಪಕ್ಕದಲ್ಲಿ ಸಹಿ ಮಾಡಿದರು.

ನಾಲ್ಕು ಅಂತಸ್ತಿನ ಆ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಅವರು ಇಪ್ಪತ್ತೆಂಟು ವರ್ಷಗಳಿಂದ ಕಟ್ಟಡ ನಿರ್ವಹಣೆಯ ಮೇಲ್ವಿಚಾರಕರು. ನೀರಿನ ಪಂಪು, ಲಿಫ್ಟು, ಜನರೇಟರು, ಬಟ್ಟೆ ಒಗೆಯುವ ಯಂತ್ರ, ಎಲ್ಲವುಗಳ ನಾಡಿ ಅವರ ಕೈಯಲ್ಲಿ. ಕಿವಿ ಇಟ್ಟು ರೋಗ ಹೇಳುವುದರಿಂದ ನರ್ಸುಗಳು ಅವರಿಗೆ 'ಮೋಟಾರ್ ಡಾಕ್ಟರು' ಎಂದು ಹೆಸರಿಟ್ಟಿದ್ದರು. ನಿಜವಾದ ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. ಈಚೆಗೆ ಒಂದೆರಡು ವರ್ಷಗಳಿಂದ ಅವರಿಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಯಂತ್ರಗಳೆಲ್ಲ ಮೊದಲಿಗಿಂತ ಮೆತ್ತಗೆ ಓಡುತ್ತಿವೆ, ತಾನು ಅಷ್ಟು ವರ್ಷ ಜೋಪಾನ ಮಾಡಿದ್ದಕ್ಕೆ ಫಲ ಸಿಕ್ಕಿದೆ ಎಂದುಕೊಂಡಿದ್ದರು.

ಮೊದಲನೇ ಪಂಪನ್ನು ಸೋಮವಾರ ಬಿಚ್ಚಿದರು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಎರಡನೇ ಪಂಪು ಒಮ್ಮೆ ಕಿರುಚಿ, ಹೊಗೆ ಕಾರಿ, ತಿರುಗದೆ ಬಿಗಿದುಕೊಂಡು ನಿಂತಿತು.

ಮೊದಲನೆಯದು ಇನ್ನೂ ಗೋಣಿಚೀಲದ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಮೇಲಿನ ಟ್ಯಾಂಕಿನ ನೀರು ಒಂದೂವರೆ ಗಂಟೆಯಲ್ಲಿ ತಳ ಕಂಡಿತು. ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಕೈ ತೊಳೆಯುತ್ತಿದ್ದ ಡಾಕ್ಟರ್ ಸೋಪಿನ ಕೈಯಲ್ಲೇ ಹೊರಗೆ ಬಂದರು. ಐದು ಆಪರೇಷನ್ ಮುಂದಕ್ಕೆ ಹೋದವು. ಕಾಯಲು ಆಗದಿದ್ದ ಒಬ್ಬ ಬಸುರಿಯನ್ನು ಆಂಬುಲೆನ್ಸಿನಲ್ಲಿ ಊರಿನ ಆಚೆ ತುದಿಯ ಆಸ್ಪತ್ರೆಗೆ ಕಳಿಸಿದರು. ಅವಳ ತಾಯಿ ಮೆಟ್ಟಿಲಿಳಿಯುತ್ತ, "ನೀರಿಲ್ಲದ ಆಸ್ಪತ್ರೇನ ಯಾಕೆ ಕಟ್ಟಿದ್ದೀರಪ್ಪಾ?" ಎಂದು ಎದುರಿಗೆ ಸಿಕ್ಕ ಅವರನ್ನೇ ಕೇಳಿದಳು. ಅವರು ಬಕೆಟ್ ಹಿಡಿದು ನಿಂತಿದ್ದರು. ಮಧ್ಯಾಹ್ನ ನೀರಿನ ಟ್ಯಾಂಕರ್ ಬರುವವರೆಗೆ ಆಯಾಗಳು, ನರ್ಸುಗಳು, ಕೊನೆಗೆ ಕಚೇರಿಯ ಗುಮಾಸ್ತರೂ ಸಾಲಾಗಿ ಮೆಟ್ಟಿಲ ಮೇಲೆ ನಿಂತು ಬಕೆಟ್ ದಾಟಿಸಿದರು. ಆ ಬಸುರಿಗೆ ಸುಸೂತ್ರವಾಗಿ ಹೆರಿಗೆಯಾಯಿತೆಂಬ ಸುದ್ದಿ ಬಂದಾಗ ಅವರು ಕೈಯಲ್ಲಿದ್ದ ಬಕೆಟ್ಟನ್ನು ಮೆಟ್ಟಿಲ ಮೇಲೆ ಇಳಿಸಿದರು.

ಆಮೇಲೆ ಮೂವರೂ ನೆಲಮಾಳಿಗೆಗೆ ಇಳಿದು, ಕೆಟ್ಟ ಪಂಪಿನ ಬೇರಿಂಗ್ ಬಿಚ್ಚಿದರು. ಒಳಗಿನ ಉಕ್ಕಿನ ಗುಂಡುಗಳು ಸವೆದು, ಕಾದು, ನೀಲಿಗಟ್ಟಿದ್ದವು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಇದು ಎರಡು ದಿನದಲ್ಲಿ ಆದ ಸವೆತವಲ್ಲ.

"ಗ್ರೀಸ್ ಹಾಕಿದ್ಯಾ?"

"ಹಾಕಿದ್ದೀನಿ ಸಾರ್. ತಪ್ಪಿಸಿಲ್ಲ." ಆಪರೇಟರ್ ಗುತ್ತಿಗೆಯ ಮೇಲಿದ್ದವನು, ವರ್ಷ ವರ್ಷ ಅದನ್ನು ನವೀಕರಿಸಿಕೊಳ್ಳಬೇಕಾದವನು. "ಒಂದ್ ತಿಂಗಳಿಂದ ಕಿರುಚ್ಕೋತಾ ಇತ್ತು ಸಾರ್ ಅದು."

"ಕಿರುಚ್ತಿತ್ತು ಅಂದ್ರೆ? ಹೇಳೋದಲ್ವೇನೋ ನನಗೆ?"

"ಬಂದಾಗಲೆಲ್ಲ ನೀವು ಕಿವಿ ಇಟ್ಟು ನೋಡಿ ಸರಿಯಾಗಿದೆ ಅಂತಿದ್ರಲ್ಲ ಸಾರ್. ನೀವೇ ಅಂದ್ಮೇಲೆ ಇನ್ನೇನು? ನನ್ ಕಿವೀಗೇ ಏನೋ ಆಗಿದೆ ಅಂದ್ಕೊಂಡೆ."

ಅವರು ಇಂಜಿನಿಯರ್ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

ಸಂಜೆಯೊಳಗೆ ಮೊದಲನೇ ಪಂಪನ್ನು ಜೋಡಿಸಿ ನೀರು ಏರಿಸಿದರು. ಕೈ ತೊಳೆದುಕೊಳ್ಳುವಾಗ ಕಚೇರಿಯ ಅಧೀಕ್ಷಕರು ಬಂದು, ಮಾರನೆಯ ದಿನ ಹನ್ನೊಂದಕ್ಕೆ ಮುಖ್ಯ ವೈದ್ಯರ ಮೇಜಿನ ಮೇಲೆ ವರದಿ ಇರಬೇಕೆಂದರು. "ಯಾರ ತಪ್ಪು ಅನ್ನೋದು ಅದರಲ್ಲಿ ಇರಬೇಕಂತೆ. ಆ ಆಪರೇಟರ್ ಗ್ರೀಸ್ ಹಾಕಿರಲ್ಲ, ಬಿಡಿ. ಹಾಗೇ ಬರೆದುಬಿಡಿ. ಗುತ್ತಿಗೆಯವನು ತಾನೇ, ನಾಳೆಯಿಂದ ಬರಬೇಡ ಅಂದ್ರಾಯ್ತು."

ಮನೆಯಲ್ಲಿ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುವುದು ಅವಳ ಕೆಲಸ. ಅವರು ಚಪ್ಪಲಿ ಬಿಟ್ಟು ಬಂದು ಅವಳೆದುರು ನಿಂತರು.

"ಅದನ್ನ ಓಡಿಸು," ಎಂದರು.

"ಯಾಕ್ರೀ?"

"ಓಡಿಸು ಅಂದ್ರೆ."

ಅವಳು ಪೆಡಲ್ ತುಳಿದಳು. ಅವರು ಬಗ್ಗಿ ಎಡಗಿವಿಯನ್ನು ಯಂತ್ರದ ಹತ್ತಿರ ತಂದರು. ಸೂಜಿ ಮೇಲೆ ಕೆಳಗೆ ಆಡುತ್ತಿತ್ತು, ಚಕ್ರ ತಿರುಗುತ್ತಿತ್ತು. ದೂರದಲ್ಲಿ ಯಾರೋ ಹತ್ತಿ ಹಿಂಜುತ್ತಿರುವಂಥ ಒಂದು ಮಂಕು ಸದ್ದು, ಅಷ್ಟೇ.

"ನನಗೆ ಕಿವಿ ಕೇಳಿಸ್ತಿಲ್ಲ ಅಂತ ಕಾಣುತ್ತೆ ಕಣೇ."

ಅವಳು ಪೆಡಲ್ ನಿಲ್ಲಿಸಿದಳು. "ಹೂಂ," ಎಂದಳು. "ಎರಡು ವರ್ಷವಾಯ್ತು."

"ನಿನಗೆ ಗೊತ್ತಿತ್ತಾ?"

"ನಾನ್ಯಾಕೆ ಈಗ ನಿಮ್ಮ ಬಲಗಡೆ ಮಲಗ್ತೀನಿ ಅಂದ್ಕೊಂಡಿದ್ದೀರಿ? ರಸ್ತೇಲಿ ಹೋಗುವಾಗ ಯಾಕೆ ಸುತ್ತಿಕೊಂಡು ಬಂದು ಈ ಕಡೆ ನಿಲ್ತೀನಿ? ಆ ಕಿವಿ ಇನ್ನೂ ಅಷ್ಟೋ ಇಷ್ಟೋ ಕೇಳಿಸುತ್ತೆ ನಿಮಗೆ."

"ಮತ್ತೆ ಹೇಳ್ಬಾರದಾಗಿತ್ತಾ?"

"ಹೇಳಿದೆನಲ್ರೀ. ನಿಮಗೆ ಕೇಳಿಸ್ಲಿಲ್ಲ."

ಅವರಿಗೆ ತಡೆಯಲಾರದೆ ನಗು ಬಂತು. ಅವಳೂ ನಕ್ಕಳು. ನಗುತ್ತ ನಗುತ್ತಲೇ ಅವರ ಮುಖ ಬೇರೆಯಾದದ್ದನ್ನು ಕಂಡು ಎದ್ದು ಬಂದು ಬಲಗಡೆ ಕೂತಳು. ಅವರು ಆ ದಿನದ್ದನ್ನೆಲ್ಲ ಹೇಳಿದರು. ಮೆಟ್ಟಿಲಿಳಿದ ತಾಯಿಯ ಮಾತನ್ನೂ, ಆಪರೇಟರ್ ಹೇಳಿದ್ದನ್ನೂ.

"ಪಾಪ, ಅವನು ತನ್ನ ಕಿವೀನೇ ಅನುಮಾನಿಸಿದ ನೋಡು," ಎಂದರು. "ನನಗೆ ಒಂದು ಸಲವಾದ್ರೂ ನನ್ನ ಕಿವಿ ಮೇಲೆ ಅನುಮಾನ ಬರಲಿಲ್ಲ."

"ಮೋಟಾರ್ ಡಾಕ್ಟರು ಅಂತ ಎಲ್ಲರೂ ಅನ್ನೋರು. ನಿಮ್ಮ ಮುಖ ಅರಳೋದು. ಅದನ್ನ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ," ಎಂದು ಅವಳು ಅವರ ಅಂಗಿಯ ತೋಳಿಗೆ ಅಂಟಿದ್ದ ಗ್ರೀಸನ್ನು ಉಗುರಿನಿಂದ ಕೆರೆಯತೊಡಗಿದಳು. "ನನ್ನದೂ ತಪ್ಪೇ."

ಮರುದಿನ ಅವರು ವರದಿಯನ್ನು ಸ್ವಂತ ಕೈಬರಹದಲ್ಲಿ ಬರೆದುಕೊಂಡು ಹೋದರು. ಮುಖ್ಯ ವೈದ್ಯರು ಕನ್ನಡಕ ಏರಿಸಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. 'ಪಂಪ್ ಆಪರೇಟರ್ ಕರ್ತವ್ಯಲೋಪ ಮಾಡಿಲ್ಲ. ತಪಾಸಣೆ ಮಾಡಿದ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.'

"ಈ ಸಾಲು ಬರೀಲೇಬೇಕಿತ್ತಾ? ಎರಡು ವರ್ಷದಲ್ಲಿ ನಿವೃತ್ತಿ ನಿಮಗೆ."

"ಇದನ್ನ ಬಿಟ್ರೆ ಆ ಜಾಗದಲ್ಲಿ ಅವನನ್ನ ಹಾಕ್ಬೇಕಾಗುತ್ತೆ ಸರ್."

ಜೊತೆಗೆ ಬಂದು ಹಿಂದೆ ನಿಂತಿದ್ದ ಇಂಜಿನಿಯರ್ ಒಂದು ಹೆಜ್ಜೆ ಮುಂದೆ ಬಂದಳು. "ಸರ್, ನನಗೂ ಕೇಳಿಸಿತ್ತು. ಇವರು ಇಲ್ಲ ಅಂದ ತಕ್ಷಣ ನಾನೇ ತಾರೀಖು ತಿದ್ದಿದೆ. ಅದನ್ನೂ ಬರೀಬೇಕು."

"ನೀವು ಸುಮ್ಮನಿರಿ ಮೇಡಂ," ಎಂದು ಅವರು ತಿರುಗಿ ಗದರಿದರು.

ಮುಖ್ಯ ವೈದ್ಯರು ಇಬ್ಬರನ್ನೂ ನೋಡಿ ಕಾಗದ ಮಡಚಿದರು. ಇನ್ನು ಮುಂದೆ ಎರಡೂ ಪಂಪುಗಳ ಪರಿಶೀಲನೆ ಮುಗಿಯದೆ ಒಂದನ್ನು ಬಿಚ್ಚಬಾರದೆಂದೂ, ಯಂತ್ರಗಳ ತಪಾಸಣೆ ಇಂಜಿನಿಯರ್ ಹೆಸರಿಗೆ ಹೋಗುವುದೆಂದೂ ಹೇಳಿದರು. ಮೇಲ್ವಿಚಾರಕರಿಗೊಂದು ಎಚ್ಚರಿಕೆಯ ಪತ್ರ. ಆಮೇಲೆ ಅವರಿಗೆ ಕೇಳಿಸುವಂತೆ ಧ್ವನಿ ಏರಿಸಿ, ಬಿಡಿಬಿಡಿಯಾಗಿ, "ಈಗ ನೇರವಾಗಿ ಒಂದನೇ ಮಹಡಿಗೆ ಹೋಗಿ ಕಿವಿ ತೋರಿಸಿ," ಎಂದರು.

ಮಕ್ಕಳ ಕಿವಿ ವಿಭಾಗದ ಮುಂದೆ ಅವರು ತಾಯಂದಿರ ತೊಡೆಯ ಮೇಲೆ ಕೂತ ಕೂಸುಗಳ ಸಾಲಿನಲ್ಲಿ ಕಾದರು. ಪರೀಕ್ಷೆಯ ಕೋಣೆಯಲ್ಲಿ ಸದ್ದು ಕೇಳಿಸಿದಾಗ ಬೆರಳೆತ್ತಬೇಕಿತ್ತು. ಗಾಜಿನಾಚೆ ಕೂತ ಹುಡುಗಿ ಗುಂಡಿ ಒತ್ತುವುದು ಕಾಣುತ್ತಿತ್ತು. ಅವಳು ಒತ್ತಿದಳು, ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಸುಳ್ಳೇ ಬೆರಳೆತ್ತಬಹುದಿತ್ತು. ಅವರು ಕೈಗಳನ್ನು ಮೊಣಕಾಲಿನ ಮೇಲೆ ಬಿಟ್ಟುಕೊಂಡು ಕೂತರು. ಎಡಗಿವಿ ಹೆಚ್ಚುಕಡಿಮೆ ಹೋಗಿತ್ತು, ಬಲದ್ದು ಅರ್ಧ. ಶ್ರವಣಯಂತ್ರ ಬರಲು ತಿಂಗಳಾಗುತ್ತದೆ, ಅದು ಬಂದರೂ ಸಣ್ಣ ಸದ್ದುಗಳೆಲ್ಲ ಸಿಗಲಿಕ್ಕಿಲ್ಲ ಎಂದರು ಕಿವಿ ಡಾಕ್ಟರು.

ಮುಂದಿನ ವಾರ ಇಂಜಿನಿಯರ್ ತನ್ನ ದುರಸ್ತಿ ಪಟ್ಟಿಯನ್ನು ತಂದು ಅವರ ಮೇಜಿನ ಮೇಲೆ ಹರಡಿದಳು. "ಸರ್, ತಪಾಸಣೆ ನನ್ನ ಹೆಸರಿಗೆ ಬಂದಿದೆ. ಆದರೆ ಯಾವ ಸದ್ದು ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ."

"ನನಗೆ ಕೇಳಿಸೋದಿಲ್ವಲ್ಲಮ್ಮ." ಮೇಡಂ ಎನ್ನುವುದು ಅವರಿಗೆ ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

"ನೆನಪಿದೆಯಲ್ಲ."

ಅವರು ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡರು.

"ಗ್ರೀಸ್ ಒಣಗಿದ್ರೆ ಹೀಗೆ," ಎಂದು, "ಸರ್ರ್... ಸರ್ರ್..." ಎಂದರು.

ಅವಳು ಬರೆದುಕೊಂಡಳು. ನಗಲಿಲ್ಲ.

"ಲಿಫ್ಟಿನ ಹಗ್ಗ ಗಾಲಿಯಿಂದ ಪಕ್ಕಕ್ಕೆ ಜಾರ್ತಿದ್ರೆ, ಟಕ್, ಟಕ್. ಎರಡು ಟಕ್ ನಡುವೆ ಇಷ್ಟು ಬಿಡುವು. ಜನರೇಟರಿಗೆ ಗಾಳಿ ಸಾಲದಿದ್ರೆ ಕೆಮ್ಮುತ್ತೆ, ಗುಫ್, ಗುಫ್. ಬೇರಿಂಗ್ ಹೋಗ್ತಿದ್ರೆ..." ಅವರು ನಿಲ್ಲಿಸಿದರು.

"ಹೇಳಿ ಸರ್."

"ಕ್ರೀಂಯ್ಞ್..." ಎಂದರು ಅವರು.

ಗ್ರೀಸಿನ ಡಬ್ಬಿ ಇಡಲು ಬಂದಿದ್ದ ಆಪರೇಟರ್ ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟ. ಮುಖ ಗಂಭೀರ ಮಾಡಿಕೊಂಡು, "ಅಲ್ಲ ಸಾರ್. ಇನ್ನೊಂಚೂರು ಸಣ್ಣಗೆ. ಕೀಂಯ್ಯ್... ಹೀಗಿತ್ತು," ಎಂದ.

"ಕೊನೇಲಿ ನಡುಗ್ತಿತ್ತಾ?"

"ನಡುಗ್ತಿತ್ತು ಸಾರ್."

"ಹಾಗಾದ್ರೆ ಮೂರೂ ಜನ ಒಂದ್ಸಲ ಅನ್ನೋಣ. ಮೇಡಂಗೆ ಸರಿಯಾಗಿ ಗೊತ್ತಾಗ್ಲಿ."

ಮೂವರೂ ಅಂದರು. ಹೊರಗಿನ ಓಣಿಯಲ್ಲಿ ಲಸಿಕೆಯ ಸಾಲು ಇತ್ತು. ಅಲ್ಲಿ ತಾಯಿಯೊಬ್ಬಳ ಹೆಗಲ ಮೇಲೆ ರಚ್ಚೆ ಹಿಡಿದು ಅಳುತ್ತಿದ್ದ ಮೂರು ತಿಂಗಳ ಕೂಸು ಥಟ್ಟನೆ ಅಳು ನಿಲ್ಲಿಸಿತು. ಕಣ್ಣೆವೆಯಲ್ಲಿ ನೀರು ಹಾಗೇ ನಿಂತಿರಲು, ಅದು ಇನ್ನೂ ಗಟ್ಟಿಯಾಗದ ಕತ್ತನ್ನು ಮೆಲ್ಲಗೆ, ಕಷ್ಟಪಟ್ಟು, ಸದ್ದು ಬಂದ ಕಡೆಗೆ ತಿರುಗಿಸಿತು.