ಸೊನ್ನೆ ತುಂಬಿದ ಕಾರ್ಡು

ಆದೆಮ್ಮನ ಮನೆಗೆ ನಾನು ಎರಡು ದಿನ ಮೊದಲೇ ಹೋದೆ. ಶನಿವಾರ ರಾಯಚೂರಿನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ಹಾಗಾಗಿ ಮಾನ್ವಿಯ ಕೆಲಸವನ್ನು ಗುರುವಾರವೇ ಮುಗಿಸಿಬಿಡೋಣ ಅನ್ನಿಸಿತು, ಅಷ್ಟೇ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಆದೆಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಬಿದ್ದಿದ್ದಳು. ಪಕ್ಕದಲ್ಲಿ ವಾಂತಿ ಮಾಡಿದ ಬೋಗುಣಿ.

"ಎಷ್ಟು ದಿನದಿಂದ ಹಿಂಗ?"

"ಮೊನ್ನಿಯಿಂದ ಯವ್ವಾ."

ಮೊಳೆಗೆ ಸಿಕ್ಕಿಸಿದ್ದ ಕಾರ್ಡು ತೆಗೆದು ನೋಡಿದೆ. ಮೊನ್ನೆ ಸೊನ್ನೆ, ನಿನ್ನೆ ಸೊನ್ನೆ, ಇವತ್ತೂ ಸೊನ್ನೆ. ಅಷ್ಟೇ ಅಲ್ಲ, ನಾಳೆಗೂ ಸೊನ್ನೆ, ನಾಡಿದ್ದು ಶನಿವಾರಕ್ಕೂ ಸೊನ್ನೆ!

ಈ ಕಾರ್ಡಿನ ವಿಷಯ ಹೇಳಬೇಕು. ರಾಯಚೂರಿನಲ್ಲಿ ನಾನು ಡಾಕ್ಟರ್ ಸಿದ್ದರಾಮಪ್ಪನವರ ದವಾಖಾನೆಯ ನರ್ಸು. ಗುಳಿಗೆಯಿಲ್ಲದೆ ಅರೆತಲೆನೋವು ಕಡಿಮೆಯಾಗುತ್ತದೆಯೇ ಎಂದು ಅವರು ಸಂಶೋಧನೆ ನಡೆಸಿದ್ದರು. ಕಣ್ಣು ಮುಚ್ಚಿ ಕೂತು, ಕೈ ಬೆಚ್ಚಗಾಗುತ್ತಿದೆ ಎಂದು ಮನಸ್ಸಿನಲ್ಲೇ ನೆನೆಯುತ್ತಾ ಹೋದರೆ ಕೈ ನಿಜವಾಗಿಯೂ ಬೆಚ್ಚಗಾಗುತ್ತದಂತೆ, ಹಾಗೆ ರೂಢಿಯಾದವರಿಗೆ ತಲೆನೋವು ಇಳಿಯುತ್ತದಂತೆ. ಹೊರದೇಶದಲ್ಲಿ ಮಾಡಿ ನೋಡಿದ್ದಾರೆ ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ. ರಾಯಚೂರಿನ ಬಿಸಿಲಿನಲ್ಲಿ ಕೈ ಬಿಸಿಯಾಗಲು ಧ್ಯಾನ ಬೇರೆ ಬೇಕೆ? ಅದಕ್ಕೇ ಅವರು ಚಳಿಗಾಲ ಹಿಡಿದರು. ೧೯೮೦ರ ನವೆಂಬರಿನಲ್ಲಿ ಶುರುವಾಯಿತು. ನಲವತ್ತು ಹೆಂಗಸರು. ಚೀಟಿ ಎತ್ತಿ ಅರ್ಧ ಜನಕ್ಕೆ ಕೈ ಬೆಚ್ಚಗೆ ಮಾಡಿಕೊಳ್ಳುವ ಅಭ್ಯಾಸ, ಇನ್ನರ್ಧ ಜನಕ್ಕೆ ಅಷ್ಟೇ ಹೊತ್ತು ಸುಮ್ಮನೆ ಮಲಗುವುದು. ಎಲ್ಲರಿಗೂ ದಿನಕ್ಕೊಂದು ಮನೆ ಇರುವ ಕಾರ್ಡು. ನೋವಿಲ್ಲದಿದ್ದರೆ ಸೊನ್ನೆ. ಇದ್ದರೆ ಒಂದು ಗೀಟು, ಹೆಚ್ಚಾದರೆ ಎರಡು, ಏಳಲಾಗದಿದ್ದರೆ ಮೂರು. ರಾಯಚೂರು, ಮಾನ್ವಿ, ದೇವದುರ್ಗ ಸುತ್ತಿ ಕಾರ್ಡು ನೋಡುವುದು, ಬೆರಳಿಗೆ ಉಷ್ಣಮಾಪಕವನ್ನು ಟೇಪಿನಿಂದ ಸುತ್ತಿ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ತಿಂಗಳಿಗೊಮ್ಮೆ ಡಾಕ್ಟರೂ ಬರುತ್ತಿದ್ದರು. ನನ್ನನ್ನು ಹೆಚ್ಚಿನವರು ಮರ್ಯಾದೆಯಿಂದ 'ಬಾಯಾರ' ಎಂದು ಕರೆಯುತ್ತಿದ್ದರು.

"ನಾಳಿನ ನೋವು ನಿನಗ ಇವತ್ತ ಹೆಂಗ ಗೊತ್ತಾತು?" ಅಂದೆ. ಸಿಟ್ಟು ನೆತ್ತಿಗೇರಿತ್ತು.

"ಬೈಬ್ಯಾಡ್ರಿ ಯವ್ವಾ. ಡಾಕ್ಟರ್ ಸಾಹೇಬ್ರು ಅಷ್ಟು ದೂರದಿಂದ ಬರ್ತಾರ, ನಾ ಕೊಟ್ಟ ಚಾ ಕುಡೀತಾರ. ಗೀಟು ಕಂಡ್ರ ಅವರ ಮುಖ ಸಣ್ಣದಾಗ್ತದ. ಹೆಂಗದೀಯವ್ವಾ ಅಂತ ಕೇಳ್ದವರಿಗೆ ಆರಾಮಿಲ್ಲ ಅನ್ನಾಕ ಬಾಯಿ ಬರೂದಿಲ್ರಿ. ಮ್ಯಾಲ ನೀವ ಹೇಳಿದ್ರೆಲ್ಲ, ಬರೇ ಗೀಟು ಹೊಡಕೊಂತ ಕೂತ್ರ ಡಾಕ್ಟರ್ ಪಾಡೇನು ಅಂತ."

ಹೌದು, ಹೇಳಿದ್ದೆ. ಒಬ್ಬಳಿಗಲ್ಲ, ಎಲ್ಲರಿಗೂ ಹೇಳಿದ್ದೆ. ಆ ಹುಡುಗ ಡಾಕ್ಟರು ಪಡುವ ಪಾಡು ನೋಡಿ ಕನಿಕರವಾಗಿತ್ತು, ಮತ್ತೆ ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಹಾಗಾದರೆ ನಲವತ್ತು ಕಾರ್ಡುಗಳಲ್ಲಿ ನಿಜ ಎಷ್ಟು ಎಂದು ಯೋಚಿಸುತ್ತಿದ್ದಂತೆ ದೇವದುರ್ಗದ ಕಾರ್ಡೊಂದು ಕಣ್ಣ ಮುಂದೆ ಬಂತು. ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಓಡಿದೆ.

ಉಮ್ಮೇ ಕುಲ್ಸುಮ್. ಬಳೆ ಅಂಗಡಿ ಅಲ್ಲಾಬಕ್ಷ್‌ನ ಹೆಂಡತಿ, ಇಪ್ಪತ್ತೆರಡು ವರ್ಷ, ಚೊಚ್ಚಲ ಬಸುರಿ, ಎಂಟನೇ ತಿಂಗಳು. ಗುಳಿಗೆಯಿಲ್ಲದ ಚಿಕಿತ್ಸೆ ಬಸುರಿಗೇ ಹೆಚ್ಚು ಬೇಕು ಎಂದು ಡಾಕ್ಟರು ಅವಳನ್ನು ಸಂಶೋಧನೆಯಿಂದ ಕೈಬಿಟ್ಟಿರಲಿಲ್ಲ. ಅವಳ ಕಾರ್ಡಿನಲ್ಲಿ ಸಾಲಾಗಿ ನಲವತ್ತೊಂದು ಸೊನ್ನೆ. ಎಲ್ಲರಿಗಿಂತ ಚೆಂದದ ಕಾರ್ಡು.

ಹದಿನೈದು ದಿನದ ಹಿಂದೆ ಅವಳ ಬೆರಳಿನ ಟೇಪು ಬಿಚ್ಚಿದಾಗ ಚರ್ಮದಲ್ಲಿ ಗೆರೆ ಬಿದ್ದಿತ್ತು. ನಾನು ಚಹಾ ಕುಡಿದು ಮುಗಿಸಿದರೂ ಆ ಗೆರೆ ಹೋಗಿರಲಿಲ್ಲ. ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಹಸಿರು ಬಳೆಗಳ ಬದಲು ದೊಡ್ಡ ಅಳತೆಯ ಬಳೆ. "ಅವು ಬಿಗಿ ಆಗ್ಯಾವ್ರಿ" ಅಂದಿದ್ದಳು. ಬಳೆಗಾರನ ಹೆಂಡತಿಗೆ ದಿನಕ್ಕೊಂದು ಬಳೆ ಎಂದು ನಾನು ಚೇಷ್ಟೆ ಮಾಡಿದ್ದೆ. ಇಪ್ಪತ್ತು ವರ್ಷ ಕೆಲಸ ಮಾಡಿದ ನರ್ಸು ನಾನು! ಬಸುರಿಯ ರಕ್ತದೊತ್ತಡ ಏರಿದರೆ ಕೈ, ಮುಖ ಬಾತುಕೊಳ್ಳುತ್ತವೆ, ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿಂಚು ಕಾಣುತ್ತದೆ. ಅಲಕ್ಷ್ಯ ಮಾಡಿದರೆ ಫಿಟ್ಸು ಬಂದು ತಾಯಿ, ಕೂಸು ಇಬ್ಬರೂ ಹೋಗಬಹುದು. ತಲೆನೋವಿಲ್ಲ ಎಂದು ಕಾರ್ಡು ಹೇಳಿತ್ತು, ನಾನು ಕಾರ್ಡನ್ನು ನಂಬಿದ್ದೆ.

ದೇವದುರ್ಗದ ಬಸ್ಸು ಸಿರವಾರದಲ್ಲಿ ನಿಂತಿತು. ಡ್ರೈವರು ಇಳಿದು ಮಿರ್ಚಿ ತಿನ್ನುತ್ತಾ ನಿಂತ. ನಾನು ಕಿಟಕಿಯಿಂದ ಕೂಗಿದೆ, ಕಂಡಕ್ಟರನ ಜೊತೆ ಜಗಳಾಡಿದೆ. "ಬಾಯಾರ, ನಿಮ್ಮೊಬ್ಬರ ಸಲುವಾಗಿ ಬಸ್ ಹಾರಾಕ ಬರ್ತದೇನ್ರಿ?" ಅಂದ. ಅರಕೇರಾ ದಾಟುವವರೆಗೆ ಸೀರೆಯ ಸೆರಗನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದೆ. ರಾಯರೇ, ಅವಳು ಬರೆದದ್ದು ನಿಜವೇ ಆಗಿರಲಿ, ನನ್ನ ಗಾಬರಿಯೇ ಸುಳ್ಳಾಗಲಿ ಎಂದು ಬೇಡಿಕೊಂಡೆ.

ಅಲ್ಲಾಬಕ್ಷ್ ಅಂಗಡಿಯಲ್ಲಿ ಯಾರಿಗೋ ಬಳೆ ಏರಿಸುತ್ತಿದ್ದ. "ಬರ್ರಿ ಬಾಯಾರ, ಆರಾಮದೀರೇನ್ರಿ?"

"ಆರಾಮ ಗೀರಾಮ ಬಿಡು. ಕುಲ್ಸುಮ್ ಎಲ್ಲಿ?"

ಹಿಂದಿನ ಕೋಣೆಯಲ್ಲಿ ಕಿಟಕಿಗೆ ಚಾದರ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡು ನಗಲು ನೋಡಿದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. "ಆರಾಮದೀನ್ರಿ" ಅಂದಳು, ನಾನು ಇನ್ನೂ ಕೇಳಿರಲೇ ಇಲ್ಲ. ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದೆ. ನಾದಿದ ಹಿಟ್ಟಿನಲ್ಲಿ ಒತ್ತಿದಂತೆ ಕುಳಿ ಬಿದ್ದು ಹಾಗೇ ಉಳಿಯಿತು.

"ಖರೇ ಹೇಳು ಯವ್ವಾ. ತಲಿ ನೋಯಾಕತ್ತದ?"

ಬಾಗಿಲ ಬಳಿ ನಿಂತಿದ್ದ ಅತ್ತೆ ಸುಗ್ರಾ ಬೇಗಂ ಕಡೆ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು. "ಐದು ದಿನ ಆತ್ರಿ. ಎರಡು ದಿನದಿಂದ ಕಣ್ಣಾಗ ಚುಕ್ಕಿ ಬರ್ತಾವು. ಮೊದಲಿನ ಹಂಗ ಅಲ್ರಿ ಈ ನೋವು. ಎದಿ ಕೆಳಗೂ ನೋಯ್ತದ."

ಅವಳ ಕಾರ್ಡು ತೆಗೆದು ನೋಡಿದೆ, ಇವತ್ತಿನವರೆಗೂ ಬರೀ ಸೊನ್ನೆ. "ಮತ್ತ ಗೀಟು ಯಾಕ ಹೊಡೀಲಿಲ್ಲ?"

"ನನ್ನ ಕಾರ್ಡು ಎಲ್ಲಾರಕಿಂತ ಚಲೋ ಅದ ಅಂತ ನೀವ ಹೇಳಿದ್ರಲ್ರಿ. ಡಾಕ್ಟರು ಅದನ್ನ ಹೈದರಾಬಾದಿನ್ಯಾಗ ದೊಡ್ಡ ಡಾಕ್ಟರಿಗೆ ತೋರಸ್ತಾರಂತ. ಕೆಡಸಬಾರದು ಅಂತ."

ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಈಗಲೇ ರಾಯಚೂರಿನ ಆಸ್ಪತ್ರೆಗೆ ಹೊರಡಬೇಕು ಅಂದೆ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ, ನಾಳೆ ಜುಮ್ಮಾ ನಮಾಜು ಕಳೆಯಲಿ ಎಂದು ಅತ್ತೆ ಅಡ್ಡ ನಿಂತರು. "ನಾಳೆ ಅನ್ನೂದು ಈಕಿಗೆ ಇರಬೇಕಲ್ರಿ!" ಎಂದು ಕಿರುಚಿದೆ. ಹಾಗೆ ಒರಟಾಗಿ ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅಲ್ಲಾಬಕ್ಷ್ ಅಂಗಡಿಯಲ್ಲಿ ಗಿರಾಕಿಯನ್ನು ಹಾಗೇ ಕೂರಿಸಿ, ಬರಿಗಾಲಲ್ಲಿ ಬಸ್ ನಿಲ್ದಾಣಕ್ಕೆ ಓಡಿದ.

ಮೂರು ಗಂಟೆಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಬಿಡಿಸಿಕೊಂಡೆವು. ಬಿಸಿಲು ಕಣ್ಣಿಗೆ ಹೊಡೆಯದಂತೆ ನನ್ನ ಸೆರಗನ್ನು ಅವಳ ಮುಖಕ್ಕೆ ಮುಚ್ಚಿದೆ. ಅವಳು ಸೆರಗಿನೊಳಗೇ ಏನೋ ಗೊಣಗುತ್ತಿದ್ದಳು. ಕಿವಿಗೊಟ್ಟರೆ, "ಕೈ ಬೆಚ್ಚಗಾಗಾಕತ್ತಾವು, ಕೈ ಬೆಚ್ಚಗಾಗಾಕತ್ತಾವು". ನಾನು ಕಲಿಸಿದ ಪಾಠ. ಕೇಳಲಾಗದೆ ಕಿಟಕಿಯ ಕಡೆ ತಿರುಗಿದೆ.

ಗಬ್ಬೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಗೊಣಗುವುದು ನಿಂತಿತು. ಸೆರಗು ಸರಿಸುವಷ್ಟರಲ್ಲಿ ಅವಳ ದವಡೆ ಕಚ್ಚಿಕೊಂಡಿತ್ತು, ಇಡೀ ಮೈ ಜಗ್ಗುತ್ತಿತ್ತು. ಮಗ್ಗುಲಾಗಿ ಮಲಗಿಸಿ ತಲೆ ಹಿಡಿದುಕೊಂಡೆ. ದೊಡ್ಡ ಬಳೆಗಳು ಸೀಟಿನ ಕಬ್ಬಿಣಕ್ಕೆ ಬಡಿದು ಒಂದೊಂದೇ ಒಡೆದವು. ಅಲ್ಲಾಬಕ್ಷ್ ಚೂರುಗಳನ್ನು ಆರಿಸುತ್ತಾ ಅಳುತ್ತಿದ್ದ. ಡ್ರೈವರು ಒಮ್ಮೆ ತಿರುಗಿ ನೋಡಿದ, ಆಮೇಲೆ ಎಲ್ಲಿಯೂ ನಿಲ್ಲಿಸಲಿಲ್ಲ. ಇಳಿಯಬೇಕಾದವರು ತಮ್ಮ ಊರು ಹಿಂದೆ ಹೋಗುವುದನ್ನು ನೋಡಿದರೂ ಒಬ್ಬರೂ ನಿಲ್ಲಿಸು ಅನ್ನಲಿಲ್ಲ. ಬಸ್ಸು ನೇರವಾಗಿ ರಾಯಚೂರಿನ ದೊಡ್ಡಾಸ್ಪತ್ರೆಯ ಅಂಗಳಕ್ಕೇ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಹೆರಿಗೆಯಾಯಿತು. ಗಂಡು ಕೂಸು, ಅಳಲೇ ಇಲ್ಲ. ತಾಯಿ ಉಳಿದಳು. ಎರಡು ದಿನ ಮೊದಲು ಬಂದಿದ್ದರೆ ಎರಡೂ ಜೀವ ಉಳಿಯುತ್ತಿದ್ದವು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದರು. ಸಿದ್ದರಾಮಪ್ಪನವರು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡರು. ಆದೆಮ್ಮನ ಮಾತನ್ನೂ ಗೀಟು ಹೊಡೆಯಬೇಡಿ ಎನ್ನುವಂತೆ ನಾನು ಎಲ್ಲರಿಗೂ ಹೇಳಿದ್ದನ್ನೂ ಅವರಿಗೆ ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಕಾರ್ಡು ಕೈಯಾಗ ಹಿಡಕೊಂಡು ನಾನ ಎದುರಿಗೆ ಕೂಡ್ತಿದ್ದೆ. ನನ್ನ ಮುಖ ನೋಡಿ ಬರದಾರ" ಅಂದರು. ಆಮೇಲೆ, "ಬಿ.ಪಿ. ಇನ್ನೂ ಇಳಿದಿಲ್ಲ ಬಾಯಾರ. ಕೂಸಿನ ಸುದ್ದಿ ಎರಡು ದಿನ ಆಕಿಗೆ ಹೇಳಬ್ಯಾಡ್ರಿ" ಅಂದರು.

ಶನಿವಾರ ನಾನು ನಿಶ್ಚಿತಾರ್ಥಕ್ಕೆ ಹೋಗಲಿಲ್ಲ. ಮಧ್ಯಾಹ್ನ ಕುಲ್ಸುಮ್ ಕಣ್ಣು ಬಿಟ್ಟಳು. ಬಾವು ಇಳಿಯುತ್ತಿತ್ತು, ಹಳೆಯ ಮುಖ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು. ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡಳು. ಆಮೇಲೆ ಮಂಚದ ಎರಡೂ ಪಕ್ಕ ನೋಡಿದಳು.

"ಬಾಯಾರ, ಕೂಸು ಹೆಂಗದ್ರಿ?"

"ಆರಾಮದ" ಅಂದೆ.

ನನ್ನ ಮುಖವನ್ನೇ ನೋಡಿದಳು. ಕೈ ಚಾಚಿ ನನ್ನ ಕೈ ಹಿಡಿದಳು. ಹೊರಗೆ ಬಿಸಿಲಿದ್ದರೂ ನನ್ನ ಕೈ ತಣ್ಣಗಿತ್ತು.

"ನಾನೂ ಹಿಂಗ ಬರೀತಿದ್ದೆ ಬಾಯಾರ" ಎಂದು ಗೋಡೆಯ ಕಡೆ ತಿರುಗಿದಳು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ನನ್ನ ಕೈ ಬಿಡಲಿಲ್ಲ.